2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಒಂದೂ ಗೋಲು ಹೊಡೆಯದ ಒಲಿವಿಯೆ ಜಿರೂ ಫ್ರಾನ್ಸ್‌ನ ಶ್ರೇಷ್ಠ ಸ್ಟ್ರೈಕರ್‌ (ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರ) ಹೇಗಾಗುತ್ತಾರೆ?

ಆ ಟೂರ್ನಿಯ ಏಳೂ ಪಂದ್ಯಗಳಲ್ಲಿ ಜಿರೂ ಆಡಿದರು. ಎದುರಾಳಿ ಡಿಫೆಂಡರ್‌ಗಳನ್ನು ಬೆನ್ನಿನಿಂದ ತಡೆದು, ಎತ್ತರದಲ್ಲಿ ಬಂದ ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ಹಿಡಿತಕ್ಕೆ ತಂದು ಸಹ ಆಟಗಾರರಾದ ಗ್ರೀಜ್‌ಮನ್ ಮತ್ತು ಎಂಬಾಪೆಗೆ ದಾಟಿಸುವುದೇ ಅವರ ಕೆಲಸವಾಗಿತ್ತು. ಅವರಿಬ್ಬರೂ ತಲಾ 4 ಗೋಲು ಗಳಿಸಿದರು, ಫ್ರಾನ್ಸ್ ಕಪ್ ಗೆದ್ದಿತು. ಹಾಗಾಗಿ ಗೋಲಿನ ಲೆಕ್ಕವೊಂದರಿಂದಲೇ ಅವರನ್ನು ಅಳೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಆ ಲೆಕ್ಕವೂ ಸಣ್ಣದೇನಲ್ಲ. ಎರಡನೇ ದರ್ಜೆಯ ಲೀಗ್‌ನಿಂದ ಮೇಲೆ ಬಂದ ಅವರು 2011–12ರಲ್ಲಿ 21 ಗೋಲು ಹೊಡೆದು, ಮಾಂಪೆಲಿಯೆ ತಂಡ ಮೊದಲ ಬಾರಿಗೆ ಫ್ರೆಂಚ್ ಲೀಗ್ ಗೆಲ್ಲಲು ನೆರವಾದರು. ನಂತರ ಆರ್ಸೆನಲ್, ಚೆಲ್ಸಿ, ಮಿಲಾನ್ ಕ್ಲಬ್‌ಗಳಿಗೆ ಆಡಿದರು. 2017ರ ಜನವರಿ 1ರಂದು ಆರ್ಸೆನಲ್ ಪರ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ, ಮೈದಾನದ ಅಂಚಿನ ಕಡೆಯಿಂದ ಬಂದು ತಮ್ಮ ಹಿಂದಕ್ಕೆ ಬಿದ್ದ ಚೆಂಡನ್ನು ಮುಂದಕ್ಕೆ ಬಾಗಿ ಎಡಗಾಲಿನ ಹಿಮ್ಮಡಿಯಿಂದ ತಲೆಯ ಮೇಲೆ ಹಾರಿಸಿ, ಅಡ್ಡಪಟ್ಟಿಗೆ ತಾಗಿಸಿ ಒಳಗೆ ಕಳಿಸಿದ ಗೋಲಿಗೆ, ವರ್ಷದ ಅತ್ಯಂತ ಸುಂದರ ಗೋಲಿಗೆ ಕೊಡುವ ಪುಸ್ಕಾಸ್ ಪ್ರಶಸ್ತಿ ಬಂತು. 2022ರ ವಿಶ್ವಕಪ್‌ನಲ್ಲಿ ಪೋಲೆಂಡ್ ವಿರುದ್ಧ 52ನೇ ಗೋಲು ಹೊಡೆದು, ಫ್ರಾನ್ಸ್ ಪುರುಷರ ತಂಡದ ಪರ ಹಿಂದಿನ ಸ್ಟ್ರೈಕರ್ ಥಿಯೆರಿ ಆನ್ರಿ ಹೊಂದಿದ್ದ 51 ಗೋಲುಗಳ ದಾಖಲೆಯನ್ನು ಮುರಿದರು. 2024ರಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ ಆ ಸಂಖ್ಯೆ 57ಕ್ಕೆ ಏರಿತ್ತು.