ಸಂಪಾದಕರ ಉತ್ತರ: ತಿಮಿಂಗಿಲದ ಒತ್ತಡವನ್ನು ಅಳೆಯುವುದು ಹೇಗೆ?

ಆಳಕ್ಕೆ ಮುಳುಗುವ ತಿಮಿಂಗಿಲಗಳ ಮೇಲೆ ಸೋನಾರ್ (ನೀರೊಳಗೆ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ವಸ್ತುಗಳನ್ನು ಪತ್ತೆ ಮಾಡುವ ಸಾಧನ) ಸದ್ದಿನ ಪರಿಣಾಮವನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಎರಡು ಪ್ರಶ್ನೆ ಕೇಳಿದ್ದೀರಿ: ಕೈಗೆ ಸಿಗದ ಪ್ರಾಣಿಯ ಒತ್ತಡದ ಹಾರ್ಮೋನನ್ನು ಅಳೆಯುವುದಾದರೂ ಹೇಗೆ, ಅಳೆಯಲು ಹೋದ ದೋಣಿಯೇ ಅದನ್ನು ಬೆದರಿಸುವುದಿಲ್ಲವೇ? ಎರಡನೆಯ ಪ್ರಶ್ನೆಯೇ ಈ ವಿಷಯದ ತಿರುಳು.

ಬೆದರಿದ ಪ್ರಾಣಿಯ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಏರುವುದರಿಂದ, ಅಟ್ಟಿಸಿಕೊಂಡು ಹೋಗಿ ರಕ್ತ ತೆಗೆಯಲು ಸಾಧ್ಯವಾದರೂ ಸಿಗುವ ಅಂಕಿ ಅಟ್ಟಿದ್ದರ ಅಂಕಿಯೇ ಆಗಿಬಿಡುತ್ತದೆ. ಆದ್ದರಿಂದ ಸಂಶೋಧಕರು ಹಾರ್ಮೋನು ನಿಧಾನವಾಗಿ ಸೇರುವ ಜಾಗಗಳನ್ನು ಹುಡುಕುತ್ತಾರೆ. ಅಡ್ಡಬಿಲ್ಲಿನಿಂದ ಹೊಡೆದ ಟೊಳ್ಳು ಮೊನೆಯ ಬಾಣ ಬೆನ್ನಿಗೆ ತಾಗಿ, ಪೆನ್ಸಿಲಿನಷ್ಟು ದಪ್ಪದ ಚರ್ಮ ಮತ್ತು ಕೊಬ್ಬಿನ ತುಣುಕನ್ನು ಕಿತ್ತುಕೊಂಡು, ಪುಟಿದು ನೀರಿಗೆ ಬಿದ್ದು ತೇಲುತ್ತದೆ. ಆ ಕೊಬ್ಬಿನಲ್ಲಿರುವುದು ಬಾಣ ತಾಗುವುದಕ್ಕೆ ಮುಂಚಿನ ಕಾರ್ಟಿಸೋಲ್. ಇನ್ನೊಂದು ದಾರಿ ಸಗಣಿ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳ ಸಗಣಿಯನ್ನು ವಾಸನೆಯಿಂದಲೇ ಪತ್ತೆ ಮಾಡಲು ಫಾರ್ಗೋ ಎಂಬ ರಾಟ್‌ವೀಲರ್ ನಾಯಿಯನ್ನು ತರಬೇತುಗೊಳಿಸಿದ್ದರು. ದೋಣಿಯ ಮೂತಿಯಲ್ಲಿ ನಿಂತ ಅದು ಗಾಳಿಯನ್ನು ಮೂಸಿ ತೋರಿದ ದಿಕ್ಕಿಗೆ ದೋಣಿ ತಿರುಗುತ್ತಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಾಕ್ಷ್ಯ ಸಿಕ್ಕಿದ್ದು ಅದೇ ಕೊಲ್ಲಿಯಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಡಗುಗಳ ಓಡಾಟ ಇಳಿದು, ನೀರೊಳಗಿನ ಸದ್ದು 6 ಡೆಸಿಬೆಲ್‌ನಷ್ಟು ತಗ್ಗಿತು. ಆ ದಿನಗಳಲ್ಲಿ ಸಂಗ್ರಹಿಸಿದ ಸಗಣಿಯಲ್ಲಿ ಒತ್ತಡದ ಹಾರ್ಮೋನುಗಳ ಅಂಶವೂ ಕಡಿಮೆಯಿತ್ತೆಂದು, ಮುಂದಿನ ವರ್ಷಗಳ ಮಾದರಿಗಳೊಡನೆ ಹೋಲಿಸಿ, ಸಂಶೋಧಕಿ ರೋಸಲಿಂಡ್ ರೋಲಂಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಸದ್ದನ್ನು ಹೆಚ್ಚಿಸಿ ನೋಡುವ ಬದಲು ಸದ್ದು ತಾನಾಗಿ ಅಡಗಿದಾಗ ನೋಡಿದ್ದು ಇದರ ಬಲ.

ರೈಟ್ ತಿಮಿಂಗಿಲ ಮೇಲ್ಮೈಯಲ್ಲಿ ಸಾಕಷ್ಟು ಹೊತ್ತು ಕಾಣಸಿಗುವ ಪ್ರಾಣಿ. ಆಳಕ್ಕೆ ಮುಳುಗುವ ಕ್ಯೂವಿಯರ್ ಕೊಕ್ಕು ತಿಮಿಂಗಿಲದ ಮಾತೇ ಬೇರೆ. ಕ್ಯಾಲಿಫೋರ್ನಿಯಾದ ಕಡಲಲ್ಲಿ ಅದು 2,992 ಮೀಟರ್ ಆಳಕ್ಕೆ ಇಳಿದದ್ದು ದಾಖಲಾಗಿದೆ; ಅಮೆರಿಕದ ಪೂರ್ವ ಕರಾವಳಿಯ ಕೇಪ್ ಹ್ಯಾಟರಸ್ ಬಳಿ ಒಂದೇ ಮುಳುಗಿಗೆ 222 ನಿಮಿಷ ನೀರೊಳಗಿತ್ತು. ಮೇಲೆ ಬಂದು ಬಹುತೇಕ ಎರಡೇ ನಿಮಿಷ ಉಸಿರಾಡಿ ಮತ್ತೆ ಮರೆಯಾಗುವ ಪ್ರಾಣಿಯಿಂದ ಸೋನಾರಿಗೆ ಮೊದಲು ಒಂದು, ನಂತರ ಒಂದು ಮಾದರಿ ಪಡೆಯುವುದು ಎಷ್ಟು ಕಷ್ಟವೆಂದು ತಾವೇ ಊಹಿಸಬಹುದು.

ಮಾದರಿ ಸಿಕ್ಕರೂ ಅಂಕಿ ತಾನಾಗಿ ಮಾತಾಡುವುದಿಲ್ಲ. ಬಸುರಿ ತಿಮಿಂಗಿಲದಲ್ಲಿ ಈ ಹಾರ್ಮೋನುಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಹಾಗಾಗಿ ಅದೇ ತುಣುಕಿನಲ್ಲಿ ಬಸಿರನ್ನು ಸೂಚಿಸುವ ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಮಾಣವನ್ನೂ, ಚರ್ಮದ ಡಿಎನ್‌ಎಯಿಂದ ಹೆಣ್ಣೋ ಗಂಡೋ ಎಂಬುದನ್ನೂ ನೋಡಬೇಕಾಗುತ್ತದೆ. ನಮ್ಮ ಲೇಖನ ಈ ವಿವರಗಳನ್ನು ಬಿಟ್ಟು, ಹೆಚ್ಚಿದ ಕಾರ್ಟಿಸೋಲ್ ಎಂದರೆ ಭಯವೆಂದೇ ಬರೆದಿತ್ತು. ಅದು ತಪ್ಪು, ತಮ್ಮ ಪತ್ರದಿಂದ ಅದನ್ನು ತಿದ್ದುವಂತಾಯಿತು.