15 ವ್ಯಾಟ್ ಕೆಲಸಕ್ಕೆ ಅರ್ಧ ಎಚ್‌ಪಿ ಮೋಟರ್ ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಮಿಷಿನ್ ಬೇರೆ, ಕೇಳುವುದು ಮಾತ್ರ "ಎಷ್ಟು ಎಚ್‌ಪಿ ಹಾಕಲಿ ಸಾರ್?" ಹಿಂದೆಯೂ ಉತ್ತರ ಕೊಟ್ಟಿದ್ದೆ, ಯಾರೂ ಓದಿದ ಹಾಗಿಲ್ಲ. ಅದಕ್ಕೇ ಇವತ್ತು ಜಾಗವೆಲ್ಲ ಇದಕ್ಕೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಬಡಗಿ. ದೇವರ ಮಂಟಪದ ಕಂಬಗಳಿಗೆ ಹಗ್ಗ ಹೊಸೆದ ಹಾಗೆ ತಿರುಚು ಡಿಸೈನ್ ಕೊರೆಯುವ ಮಿಷಿನ್ ಇದೆ. ಹ್ಯಾಂಡಲ್ ತಿರುಗಿಸಿದರೆ ಕಂಬ ನಿಧಾನಕ್ಕೆ ತಿರುಗುತ್ತದೆ, ಟ್ರಿಮ್ಮರ್ (ಮರ ಕೊರೆಯುವ ಪುಟ್ಟ ಕರೆಂಟ್ ಮಿಷಿನ್) ಕೂತ ಗಾಡಿ ಲೀಡ್ ಸ್ಕ್ರೂ (ಉದ್ದನೆಯ ತಿರುಪು ರಾಡ್) ಮೇಲೆ ಪಕ್ಕಕ್ಕೆ ಸರಿಯುತ್ತದೆ. ಭುಜ ಬಿದ್ದು ಹೋಗಿದೆ. ನಮ್ಮೂರಿನ ವೈಂಡಿಂಗ್ ಅಂಗಡಿಯವರು 1440 ಆರ್‌ಪಿಎಂ (ನಿಮಿಷಕ್ಕೆ 1440 ಸುತ್ತು) ಅರ್ಧ ಎಚ್‌ಪಿ ಮೋಟರ್ ಕೂರಿಸಿ, ದೊಡ್ಡ ಪುಲ್ಲಿ ಹಾಕಿದರೆ ಆಯ್ತು ಅಂತಾರೆ. ಹಾಕಲಾ?

ಹಾಕಬೇಡಿ.

ಭುಜದ ನೋವು ನಾನು ಒಪ್ಪುತ್ತೇನೆ. 900 ಮಿಲಿಮೀಟರ್ ಕಂಬ, ಲೀಡ್ ಸ್ಕ್ರೂ ಪಿಚ್ 6 ಮಿಲಿಮೀಟರ್ ಅಂದುಕೊಳ್ಳಿ, ಅಂದರೆ ಒಂದು ಸುತ್ತಿಗೆ ಗಾಡಿ 6 ಮಿಲಿಮೀಟರ್ ಸರಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 150 ಸುತ್ತು. ನಾಲ್ಕು ಎಳೆಯ ಹಗ್ಗ, ಒಂದೊಂದು ಎಳೆಯನ್ನೂ ಮೂರು ಸಲ ಆಳ ಮಾಡಬೇಕು. 12 ಸಲ ಹೋಗಬೇಕು, 12 ಸಲ ಬಿಟ್ (ಟ್ರಿಮ್ಮರ್‌ನ ಅಲಗು) ಎತ್ತಿ ವಾಪಸ್ ಬರಬೇಕು. ಒಂದು ಕಂಬಕ್ಕೆ 3,600 ಸುತ್ತು. ಮಂಟಪಕ್ಕೆ ನಾಲ್ಕು ಕಂಬ ಅಲ್ವಾ? 14,400. ನಿಮಿಷಕ್ಕೆ 50 ಸುತ್ತಿನಂತೆ ತಿರುಗಿಸಿದರೂ ಹತ್ತಿರ ಹತ್ತಿರ ಐದು ಗಂಟೆ. (ವಾಪಸ್ ಬರುವಾಗಲೂ ಕೊರೆದು ಟೈಮ್ ಉಳಿಸುತ್ತೇನೆ ಅನ್ನುವವರು ಇದ್ದಾರೆ. ಗೇರಿನಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲ, ಇದ್ದೇ ಇರುತ್ತದೆ. ಗೆರೆ ಪಕ್ಕಕ್ಕೆ ಸರಿದು ಎಳೆ ಸೀಳಿಕೊಳ್ಳುತ್ತದೆ.)

ಈಗ ಶಕ್ತಿಯ ಲೆಕ್ಕ. ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹ್ಯಾಂಡಲ್‌ಗೆ ಸಿಕ್ಕಿಸಿ, ಟ್ರಿಮ್ಮರ್ ಮರ ಕೊರೆಯುತ್ತಿರುವಾಗ ನಿಧಾನವಾಗಿ ಎಳೆಯಿರಿ. ಎಷ್ಟು ತೋರಿಸುತ್ತದೆ ನೋಡಿ. ನನ್ನ ಮಿಷಿನ್‌ನಲ್ಲಿ ಸುಮಾರು 2 ಕೆಜಿ. ಹ್ಯಾಂಡಲ್ ಉದ್ದ 15 ಸೆಂಟಿಮೀಟರ್. 50 ಆರ್‌ಪಿಎಂನಲ್ಲಿ ಇದು 15 ವ್ಯಾಟ್ ಆಗುತ್ತದೆ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. ನಿಮ್ಮ ಕೈ ಹಾಕುವುದಕ್ಕಿಂತ ಸುಮಾರು 25 ಪಟ್ಟು. ಗೇರಿಗೆ ಏನಾದರೂ ಸಿಕ್ಕಿಕೊಂಡರೆ ಕೈ ತಾನಾಗಿ ನಿಲ್ಲುತ್ತದೆ. ಆ ಮೋಟರ್ ನಿಲ್ಲುವುದಿಲ್ಲ. ಗೇರಿನ ಹಲ್ಲು, ಲೀಡ್ ಸ್ಕ್ರೂ ನಟ್, ಕೊನೆಗೆ ಕಂಬ, ಎಲ್ಲ ಮುರಿದ ಮೇಲೆ ನಿಲ್ಲುತ್ತದೆ.

ಪುಲ್ಲಿಯ ಮಾತು ಇನ್ನೂ ಚೆಂದ. 1440ನ್ನು 50ಕ್ಕೆ ಇಳಿಸಬೇಕಾದರೆ ಮೋಟರ್‌ಗೆ 2 ಇಂಚಿನ ಪುಲ್ಲಿ ಹಾಕಿದರೂ ಈ ಕಡೆ ಸುಮಾರು 58 ಇಂಚಿನ ಪುಲ್ಲಿ ಬೇಕು. ಎತ್ತಿನಗಾಡಿ ಚಕ್ರವನ್ನೇ ತಂದು ಕಟ್ಟಬೇಕಾಗುತ್ತದೆ. ಅಂಗಡಿಯವರು ಹಾಕಿದ ಲೆಕ್ಕ ಎಂಥದ್ದೋ ಗೊತ್ತಿಲ್ಲ. ಅವರ ಅಂಗಡಿಯಲ್ಲಿ ಆ ಮೋಟರ್ ಇತ್ತು, ನಿಮಗೆ ಹೇಳಿದರು, ಅಷ್ಟೇ.

ತಪ್ಪಿನ ಬೇರು ಬೇರೆ ಕಡೆ ಇದೆ. ಮಾಮೂಲಿ ಲೇತಿನಲ್ಲಿ ಮರ ಜೋರಾಗಿ ತಿರುಗುತ್ತದೆ, ಉಳಿ ಸುಮ್ನೆ ನಿಂತಿರುತ್ತದೆ. ನಿಮ್ಮ ಥರದ ಅಲಂಕಾರದ ಮಿಷಿನ್‌ನಲ್ಲಿ ಉಲ್ಟಾ: ಬಿಟ್ ಜೋರಾಗಿ ತಿರುಗುತ್ತದೆ, ಮರ ತೆವಳುತ್ತದೆ. ಲಂಡನ್ನಿನಲ್ಲಿ 18ನೇ ಶತಮಾನದ ಕೊನೆಯಿಂದ ಇಂಥ ಲೇತ್ ಮಾಡುತ್ತಿದ್ದ ಹೋಲ್ಟ್‌ಜಾಫೆಲ್ ಮನೆತನದ ಮಿಷಿನ್‌ಗಳನ್ನೂ ಕಾಲಿನಿಂದಲೇ ತುಳಿಯುತ್ತಿದ್ದರು. ಅಷ್ಟು ಶಕ್ತಿ ಸಾಕಿತ್ತು. ಕೊರೆಯುವ ಶಕ್ತಿ ನಿಮ್ಮ ಟ್ರಿಮ್ಮರ್‌ನಲ್ಲಿ ಆಗಲೇ ಇದೆ. ನಿಮಗೆ ಬೇಕಾದದ್ದು ದೂಡಲು ಒಂದು ಆಳು, ಆನೆ ಅಲ್ಲ.

ಆ ಆಳು ಕಾರಿನ ವೈಪರ್ ಮೋಟರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ನಿಮ್ಮೂರಿನ ಗುಜರಿಯಲ್ಲೂ ಸಿಗುತ್ತದೆ. 12 ವೋಲ್ಟ್, ಒಳಗೇ ವರ್ಮ್ ಗೇರ್ (ಸ್ಪೀಡು ಇಳಿಸುವ ತಿರುಪು ಗೇರ್), ಎರಡು ಸ್ಪೀಡು, ಸಾಮಾನ್ಯವಾಗಿ 45 ಮತ್ತು 65 ಆರ್‌ಪಿಎಂ ಆಸುಪಾಸು. 12 ವೋಲ್ಟ್ 10 ಆಂಪ್‌ನ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟ್ ಮಾಡುವ ಡಬ್ಬಿ), ಸ್ಪೀಡು ಹೆಚ್ಚು ಕಮ್ಮಿ ಮಾಡಲು ಮಧ್ಯೆ ಒಂದು ಪಿಡಬ್ಲ್ಯುಎಂ ಕಂಟ್ರೋಲರ್, ಹಿಂದೆ ಮುಂದೆ ಮಾಡಲು ಒಂದು ಡಿಪಿಡಿಟಿ ಸ್ವಿಚ್. ಸ್ಪೀಡು ತೀರಾ ಇಳಿಸಬೇಡಿ. ಗಾಡಿ ತೆವಳಿದರೆ ಬಿಟ್ ಕೊರೆಯುವ ಬದಲು ಉಜ್ಜುತ್ತದೆ, ತೇಗ ಕಪ್ಪಗಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಉಸಿರು ತೆಗೆದುಕೊಳ್ಳಲು ನಿಂತ ಕಡೆಯೆಲ್ಲ ಒಂದು ಸುಟ್ಟ ಚುಕ್ಕೆ ಬೀಳುತ್ತದಲ್ಲ, ಮೋಟರ್‌ನ ನಿಜವಾದ ಲಾಭ ಆ ಚುಕ್ಕೆ ಹೋಗುವುದು. ಕೆಲಸ ಬೇಗ ಮುಗಿಯುತ್ತದೆ ಅನ್ನುವ ಆಸೆ ಬಿಡಿ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಎಷ್ಟೋ ವೈಪರ್ ಮೋಟರ್‌ಗಳಲ್ಲಿ ನೆಗೆಟಿವ್ ಮೋಟರಿನ ಬಾಡಿಗೇ ಸೇರಿರುತ್ತದೆ. ರಿವರ್ಸ್ ಕೊಟ್ಟಾಗ ಬಾಡಿ ಪಾಸಿಟಿವ್ ಆಗುತ್ತದೆ. ಅದನ್ನು ನೇರ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಿ, ಎಸ್‌ಎಂಪಿಎಸ್ ನೆಗೆಟಿವ್ ಕೂಡ ಅದೇ ಫ್ರೇಮಿಗೆ ತಾಗಿದರೆ ಶಾರ್ಟ್. ಕೆಳಗೆ ಮರದ ಹಲಗೆ ಕೊಡಿ.

ಮೋಟರನ್ನು ಕಂಬದ ಶಾಫ್ಟ್‌ಗೆ ಕಟ್ಟಬೇಡಿ. ಹ್ಯಾಂಡಲ್ ಇದ್ದ ಶಾಫ್ಟ್‌ಗೇ ಕಟ್ಟಿ. ಎರಡು ಕಡೆಯೂ ಒಂದೇ ಅಳತೆಯ ಪುಲ್ಲಿ, ನಡುವೆ ತುಳಿಯುವ ಹೊಲಿಗೆ ಮಿಷಿನ್‌ನ ದುಂಡು ತೊಗಲಿನ ಬೆಲ್ಟ್. ಚೈನ್ ಬೇಡ, ಹಲ್ಲಿನ ಬೆಲ್ಟ್ ಬೇಡ. "ಸ್ಲಿಪ್ ಆಗುತ್ತಲ್ಲ ಸಾರ್" ಅಂತೀರಿ. ಆಗಲಿ ಅಂತಲೇ ಹಾಕಿಸುತ್ತಿರುವುದು! ಬೆಲ್ಟಿನ ಜೊತೆಗೆ ಕಾರಿನ 5 ಆಂಪ್ ಫ್ಯೂಸ್. ಸುಮ್ಮನೆ ಹೋಗುತ್ತಿದ್ದರೆ 7.5 ಹಾಕಿ. ಅದಕ್ಕೂ ಮೀರಿ ಹೋಗುತ್ತಿದ್ದರೆ ಗೇರಿಗೆ ಗ್ರೀಸ್ ಹಾಕಿ, ಫ್ಯೂಸಿಗೆ ತಂತಿ ಸುತ್ತಬೇಡಿ.

ಎರಡೂ ತುದಿಯಲ್ಲಿ ಲಿಮಿಟ್ ಸ್ವಿಚ್ ಕಡ್ಡಾಯ. ಗಾಡಿ ಬಂದು ತಾಗಿದರೆ ಲೈನ್ ಕಟ್ ಆಗಬೇಕು. ಪ್ರತಿ ಸ್ವಿಚ್ಚಿಗೂ ಅಡ್ಡಲಾಗಿ ಒಂದು 6 ಆಂಪ್ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಕೊಟ್ಟರೆ ವಾಪಸ್ ಬರಲು ದಾರಿ ಇರುತ್ತದೆ. ಡಯೋಡ್ ಉಲ್ಟಾ ಹಾಕಿದರೆ ಸ್ವಿಚ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಮರ ಕೂರಿಸುವ ಮುಂಚೆ, ಬೆಲ್ಟ್ ಕಳಚಿ, ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ನೋಡಿ. ಕೊನೆಯ ಒಂದು ಇಂಚನ್ನು ನಾನು ಈಗಲೂ ಬೆಲ್ಟ್ ಕಳಚಿ ಕೈಯಲ್ಲೇ ತಿರುಗಿಸುತ್ತೇನೆ. ಹ್ಯಾಂಡಲ್ ಬಿಸಾಡಬೇಡಿ ಅಂತ ಇದಕ್ಕೇ ಹೇಳುವುದು. ಆದರೆ ಮೋಟರ್ ಓಡುವಾಗ ಅದು ಶಾಫ್ಟ್ ಮೇಲೆ ಇರಕೂಡದು, ಮೊಣಕೈಗೆ ಬಡಿಯುತ್ತದೆ.

ಈಗ ನನ್ನದೇ ಪೆದ್ದುತನ ಒಂದು. ಎಸ್‌ಎಂಪಿಎಸ್‌ಗೆ ದುಡ್ಡು ಯಾಕೆ ಅಂತ ಹಳೇ ಕಾರ್ ಬ್ಯಾಟರಿಗೆ ಮೋಟರ್ ಕೊಟ್ಟಿದ್ದೆ. ಮೂರನೇ ಕಂಬದ ಒಂಬತ್ತನೇ ಎಳೆತ. ಕರೆಂಟ್ ಹೋಯ್ತು. ಟ್ರಿಮ್ಮರ್ ನಿಂತಿತು. ಬ್ಯಾಟರಿಗೆ ಕರೆಂಟ್ ಹೋದದ್ದು ಏನು ಗೊತ್ತು? ಅದು ಗಾಡಿಯನ್ನು ಎಳೆಯುತ್ತಲೇ ಇತ್ತು. ಟಿಕ್ ಅಂತ ಸದ್ದಾಗಿ 6 ಮಿಲಿಮೀಟರ್ ಬಿಟ್ ಬುಡದಲ್ಲೇ ಮುರಿಯಿತು. ತುಂಡು ತೇಗದೊಳಗೆ ಉಳಿಯಿತು, ಕೀಳಲು ಹೋಗಿ ಎಳೆಯೂ ಎದ್ದು ಬಂತು. ಆ ಕಂಬ ಈಗ ನಮ್ಮ ಮನೆಯಲ್ಲಿ ಕೋಟು ನೇತುಹಾಕಲು ಇದೆ. ಅವತ್ತಿನಿಂದ ಟ್ರಿಮ್ಮರ್ ಮತ್ತು ಎಸ್‌ಎಂಪಿಎಸ್ ಎರಡೂ ಒಂದೇ ಸ್ವಿಚ್ಚಿಗೆ. ಆ ಸ್ವಿಚ್ ನೋ ವೋಲ್ಟ್ ಮಾದರಿಯದ್ದು: ಕರೆಂಟ್ ಹೋದರೆ ತಾನೇ ಬೀಳುತ್ತದೆ, ಬಂದರೆ ತಾನಾಗಿ ಏಳುವುದಿಲ್ಲ. ಯುಪಿಎಸ್ ಲೈನಿಗೂ ಕೊಡಬೇಡಿ.

ಗ್ಲೌಸ್ ಹಾಕಿಕೊಂಡು ಈ ಮಿಷಿನ್ ಮುಂದೆ ಕೂರುವವರಿಗೆ ನಾನು ಉತ್ತರ ಬರೆಯುವುದಿಲ್ಲ. ನಿಧಾನ ತಿರುಗುತ್ತದೆ, ಏನಾಗುತ್ತೆ ಅಂತೀರಾ? ವರ್ಮ್ ಗೇರನ್ನು ಮೋಟರ್ ಮಾತ್ರ ತಿರುಗಿಸಬಲ್ಲದು, ಹೊರಗಿನಿಂದ ಎಳೆದರೆ ಹಿಂದಕ್ಕೆ ತಿರುಗುವುದಿಲ್ಲ. ಬಟ್ಟೆ ಒಳಗೆ ಹೋದರೆ ಕೈ ಎಳೆದುಕೊಂಡರೂ ಬಿಡುವುದಿಲ್ಲ.

ಪ್ರಶ್ನೆ: ವೈಪರ್ ಬದಲು ಹ್ಯಾಂಡ್ ಡ್ರಿಲ್ ಬಟನ್ ಲಾಕ್ ಮಾಡಿ ಕಟ್ಟಬಹುದೇ? ವಿಡಿಯೋದಲ್ಲಿ ತೋರಿಸಿದ್ದಾರೆ.

ವಿಡಿಯೋ ಹತ್ತು ನಿಮಿಷದ್ದು, ನಿಮ್ಮ ಕೆಲಸ ಐದು ಗಂಟೆಯದ್ದು. ಡ್ರಿಲ್ ಸುಟ್ಟುಕೊಳ್ಳುತ್ತದೆ.

ಪ್ರಶ್ನೆ: ಹೊಲಿಗೆ ಮಿಷಿನ್ ಮೋಟರ್?

ಅದು ಸಾವಿರಾರು ಆರ್‌ಪಿಎಂನಲ್ಲಿ ಓಡುವ ಮೋಟರ್. ಬೇಡ. ಅದರ ಬೆಲ್ಟ್ ಮಾತ್ರ ತನ್ನಿ.

ಪ್ರಶ್ನೆ: ಚನ್ನಪಟ್ಟಣದ ಥರ ಅರಗಿನ ಬಣ್ಣ ಹಚ್ಚಲು ಕೈ ಲೇತೇ ಬೇಕಂತೆ, ಮೋಟರ್‌ನಲ್ಲಿ ಬಣ್ಣ ಹಿಡಿಯಲ್ಲವಂತೆ, ನಿಜವೇ?

ಯಾರು ಹೇಳಿದರು? ಅರಗು ಕರಗುವುದು ತಿರುಗುವ ಮರಕ್ಕೆ ಉಜ್ಜಿದ ಬಿಸಿಯಲ್ಲಿ. ಆ ಬಿಸಿಗೆ ಮೋಟರ್ ಯಾವುದು, ಕೈ ಯಾವುದು? ಚನ್ನಪಟ್ಟಣಕ್ಕೇ ಹೋಗಿ ನೋಡಿ, ಎಷ್ಟು ಮನೆಯಲ್ಲಿ ಮೋಟರ್ ಲೇತ್ ಓಡುತ್ತಿದೆ ಅಂತ. ಅದು ಮಾಮೂಲಿ ಲೇತ್, ಮೇಲಿನ ವೈಪರ್ ಪುರಾಣ ಅದಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ "ಪವರ್ ಸೇವರ್" ಡಬ್ಬಿ ಹಾಕಿದರೆ ವರ್ಕ್‌ಶಾಪ್ ಬಿಲ್ ಕಮ್ಮಿ ಆಗುತ್ತಾ?

ಇಲ್ಲ.

ಪ್ರಶ್ನೆ: ಮೋಟರ್ ಹಾಕಿದರೆ ಡಿಸೈನ್ ಇನ್ನೂ ನುಣುಪು ಬರುತ್ತದಾ?

ಮೊದಲು ಬಿಟ್ ಸಾಣೆ ಹಿಡಿಸಿ. ಬೇಲೂರಿನ ಕಂಬ ಮಾಡಿದವರ ಹತ್ತಿರ ವೈಪರ್ ಮೋಟರ್ ಇರಲಿಲ್ಲ.