ಓದುಗರ ಪ್ರಶ್ನೆ: ಗ್ರಂಥಪಾಲಕರ ಉತ್ತರ

ಪ್ರಶ್ನೆ: ತಿಪಟೂರು ತಾಲ್ಲೂಕಿನ ನಮ್ಮೂರಿನ ಇತಿಹಾಸ ಬರೆಯಬೇಕೆಂದಿದ್ದೇನೆ. ದೇವಸ್ಥಾನದ ಬಳಿ ಶಾಸನವೊಂದಿದೆ. ಯಾವ ಪುಸ್ತಕದಿಂದ ಶುರು ಮಾಡಲಿ?

ಉತ್ತರ: ಮೊದಲು ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆಗೆಯಿರಿ. ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಮುದ್ರಣದಲ್ಲಿ ತುಮಕೂರು ಜಿಲ್ಲೆಯದು 12ನೇ ಸಂಪುಟ. ಶಾಸನಗಳನ್ನು ತಾಲ್ಲೂಕುವಾರು ಕ್ರಮಸಂಖ್ಯೆ ಕೊಟ್ಟು ಜೋಡಿಸಿದ್ದಾರೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಸಿಗುತ್ತವೆ. ಅನುವಾದವನ್ನಷ್ಟೇ ನಂಬಿಕೊಳ್ಳಬೇಡಿ, ಕನ್ನಡ ಪಾಠವನ್ನೂ ಓದಿ. ಅರ್ಥವಾಗದ ಹಳೆಯ ಪದಗಳಿಗೆ 1894ರ ಕಿಟೆಲ್ ನಿಘಂಟು ಇವತ್ತಿಗೂ ಒಳ್ಳೆಯ ಆಸರೆ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮವೇ ಬೇರೆ. ಹಾಗಾಗಿ ಟಿಪ್ಪಣಿ ಮಾಡಿಕೊಳ್ಳುವಾಗ ಆವೃತ್ತಿ, ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ನಾಲ್ಕನ್ನೂ ಬರೆಯಿರಿ. ಇನ್ನೊಂದು, ಕಾಲ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ: ಶಕ 1100 ಅಂದರೆ 1178. ತಿಥಿ ಪುಷ್ಯ, ಮಾಘ, ಫಾಲ್ಗುಣದ್ದಾದರೆ ಅದು ಮುಂದಿನ ಇಸವಿಗೆ ಸೇರಬಹುದು. ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡದೆ ಇಸವಿ ಬರೆಯಲೇಬೇಡಿ.

ಸಂಪುಟದಲ್ಲಿ ನಿಮ್ಮೂರಿನ ಶಾಸನ ಕಾಣದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳನ್ನು ನೋಡಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿರುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಹುಡುಕುವವರು ಊರಿನ ಹೆಸರನ್ನು ಬ್ರಿಟಿಷರ ಕಾಲದ ಇಂಗ್ಲಿಷ್ ಕಾಗುಣಿತದಲ್ಲೂ ಟೈಪ್ ಮಾಡಬೇಕು. ಸ್ಕ್ಯಾನ್ ಆದ ಹಳೆಯ ಕನ್ನಡ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದುವುದೇ ಹೆಚ್ಚು. ಪುಟ ತಿರುವಿಯೇ ನೋಡಿ.